‘ಓ’ ಅನ್ನುವುದನ್ನು ಕಲಿಸಿದವರು

ಗುರುವಾರ ನಮ್ಮನೆಯಲ್ಲಿ ದೇವರ ಸಾಮಾನು ಬೆಳಗುವ ದಿನ. ಹಿಂದುಗಡೆ ಯುಟಿಲಿಟಿಯಲ್ಲಿ ಮಣೆ ಹಾಕಿಕೊಂಡು ಕೂತು, ಹುಣಸೆಹಣ್ಣು ಹಚ್ಚಿ ದೀಪದ ಕಂಬ ತಿಕ್ಕುತ್ತಿದ್ದೆ. ಕೈಯೆಲ್ಲ ಹುಳಿ. ಫೋನು ಬಡಕೊಂಡಿತು. ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ಕೆಂಗೇರಿಯಿಂದ ಮಿಸ್ಸಿನ ತಂಗಿ ಮಗಳು.

“ಆಂಟಿ, ದೊಡ್ಡಮ್ಮ ಹೋಗ್ಬಿಟ್ರು. ಬೆಳಗ್ಗೆ ಕಾಫಿ ಕೊಡಕ್ಕೆ ಹೋದೆ, ಏಳಲಿಲ್ಲ.”

ರಾತ್ರಿ ಏನಾದರೂ ಸಂಕಟ ಪಟ್ಟರಾ ಅಂತ ಕೇಳಿದೆ. ಇಲ್ಲವಂತೆ. ಗಂಜಿ ಕುಡಿದು, ಪ್ರಾರ್ಥನೆ ಮಾಡಿ, ಕನ್ನಡಕ ಡಬ್ಬಿಗೆ ಹಾಕಿ ಮಲಗಿದವರು ಹಾಗೇ ಇದ್ದರಂತೆ. ಕೋಲಾರದ ಗಣಿ ಊರಿಂದ ಅವರ ಕಡೆಯವರು ಬರಬೇಕು, ಅದಕ್ಕೆ ನಾಳೆ ಬೆಳಗ್ಗೆ ಚರ್ಚಲ್ಲಿ ಪ್ರಾರ್ಥನೆ, ಆಮೇಲೆ ಮಣ್ಣು. ಬರ್ತೀವಮ್ಮ, ಎಲ್ಲರೂ ಬರ್ತೀವಿ ಅಂದೆ. ದೀಪಗಳನ್ನು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿ, ಅಲ್ಲೇ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತೆ. ಆಸ್ಪತ್ರೆಯ ಪೈಪು ಇಲ್ಲ, ಯಾರ ಕೈಲೂ ಮಲಮೂತ್ರ ಬಾಚಿಸಿಕೊಂಡಿದ್ದಿಲ್ಲ. ದೇವರು ಅಷ್ಟು ಮಾಡಿದನಲ್ಲ ಅಂತ ಮನಸ್ಸು ತಣ್ಣಗಾಯಿತು.

ಅವರು ಬಸವೇಶ್ವರನಗರದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದವರು. ಲಗ್ಗೆರೆ ಕಡೆ ಒಂದು ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರಾದವರು. ಮದುವೆ ಆಗಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೀದಿಯವರಿಗೆಲ್ಲ ಅವರು ಬರೀ ಮಿಸ್ಸು. ನಮ್ಮನೆಯವರಿಗೆ ಕಾಮಾಕ್ಷಿಪಾಳ್ಯದಲ್ಲಿ ಬೇರಿಂಗ್, ಬೆಲ್ಟು ಮಾರುವ ಅಂಗಡಿ ಇದೆ. ಅಲ್ಲಿಗೆ ಬರುವ ಲೇತ್ ಕೆಲಸದವನೊಬ್ಬ, ತಲೆ ನೆರೆತ ಮನುಷ್ಯ, ಒಂದು ದಿನ ನಮ್ಮ ಬೀದಿಯ ಹೆಸರು ಕೇಳಿ ಮುಖ ಅರಳಿಸಿದನಂತೆ. ಸಾರ್, ಅಲ್ಲಿ ನಮ್ಮ ಮಿಸ್ಸಿದಾರೆ, ಎಂಟನೇ ಕ್ಲಾಸಲ್ಲಿ ನನಗೊಂದು ಸಲ ‘ಬ್ರಾವೋ’ ಅಂದಿದ್ರು ಅಂತ. ಒಂದೇ ಸಲವಾ ಅಂತ ನಮ್ಮನೆಯವರು ಕಿಚಾಯಿಸಿದ್ದಕ್ಕೆ, ನಮ್ಮ ಕ್ಲಾಸಿಗೇ ಅದೊಂದೇ ಸಾರ್, ಉಳಿದವರಿಗೆ ಅದೂ ಇಲ್ಲ ಅಂದನಂತೆ. ಮಿಸ್ಸಿಗೆ ಹೇಳಿದೆ. ಅವರು ನಗಲಿಲ್ಲ. “ಅವತ್ತು ಚೆನ್ನಾಗಿ ಓದಿದ್ದ, ಅಂದೆ. ದಿನಾ ಅನ್ನಕ್ಕೆ ಅದೇನು ಉಪ್ಪಾ?” ಅಂದರು.

ನಾವಿಬ್ಬರೂ ಹೇಗೆ ಹತ್ತಿರವಾದೆವೋ. ಅವರು ಕ್ರಿಸ್ತನ ಭಕ್ತೆ, ನಾನು ಬೆಳಗ್ಗೆ ಎದ್ದರೆ ರಾಮ, ಮಲಗಿದರೆ ರಾಮ. ಕ್ರಿಸ್ಮಸ್ಸಿಗೆ ಅಚ್ಚು ಮುರುಕು ಕರಿಯುವಾಗ, ಮೊಟ್ಟೆ ಹಾಕುವ ಮೊದಲು ಹೊಸ ಎಣ್ಣೆಯಲ್ಲಿ ನಮ್ಮನೆಯ ಪಾಲನ್ನು ಕರಿದು ಬೇರೆ ಡಬ್ಬಕ್ಕೆ ತುಂಬಿಡುತ್ತಿದ್ದರು. ಡಬ್ಬ ಕೊಡುವಾಗ ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ, ಒಂದು ವರ್ಷ ನಾನೇ ಅವರ ಅಡಿಗೆಮನೆಗೆ ಹೋಗಿದ್ದಾಗ ಕಂಡೆ. ಗೌರಿ ಹಬ್ಬಕ್ಕೆ ಕರೆದರೆ ಬರೋರು. ಕುಂಕುಮ ಇಟ್ಟುಕೊಳ್ಳುತ್ತಿರಲಿಲ್ಲ. ಮಲ್ಲಿಗೆ ಕೊಟ್ಟರೆ ಮುಡಿಯದೆ, ಮನೆಗೆ ಒಯ್ದು ಗಾಜಿನ ಲೋಟದಲ್ಲಿ ನೀರು ಹಾಕಿ ಏಸುವಿನ ಪಟದ ಮುಂದೆ ಇಡೋರು. ಹೂವು ಹೋಗಬೇಕಾದ ಜಾಗಕ್ಕೇ ಹೋಯಿತಲ್ಲ, ಇನ್ನೇನು.

ನಾನು ಅವರ ವಿದ್ಯಾರ್ಥಿನಿ ಆದದ್ದು ಮಗಳ ಮದುವೆ ಮಾತು ಬಂದಾಗ. ಮಗಳು ರಾಜಾಜಿನಗರದ ಒಂದು ಲ್ಯಾಬಲ್ಲಿ ರಕ್ತ ಪರೀಕ್ಷೆ ಕೆಲಸಕ್ಕಿದ್ದಳು. ಅಲ್ಲೇ ಕೆಲಸ ಮಾಡುವ ಒಡಿಶಾದ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಮನೆಗೆ ಬಂದ, ಕಾಲಿಗೆ ನಮಸ್ಕಾರ ಮಾಡಿದ, ಅರೆಬರೆ ಕನ್ನಡದಲ್ಲಿ “ಆಂಟಿ, ಸಾರು ಚೆನ್ನಾಗಿದೆ” ಅಂತ ಎರಡು ಸಲ ಹಾಕಿಸಿಕೊಂಡ. ನಮಗೆ ಒಪ್ಪಿಗೆಯೇ ಆಯಿತು. ಆಮೇಲೆ ಅವನ ತಾಯಿ ನೋಡಲು ಬರುತ್ತಾರೆ ಅಂತಾಯಿತು. ಹುಡುಗ ಇರುವುದು ನಾಲ್ಕು ಜನರ ಪಿಜಿಯಲ್ಲಿ. ನಮ್ಮನೆಯವರು ದೊಡ್ಡ ಮನಸ್ಸಿನಿಂದ, ಹೋಟೆಲ್ಲು ಯಾಕೆ, ನಮ್ಮನೇಲೇ ಒಂದು ವಾರ ಇರಲಿ ಅಂದುಬಿಟ್ಟರು. ಹಗಲು ಅವರು ಅಂಗಡಿಗೆ, ಮಗಳು ಲ್ಯಾಬಿಗೆ. ಮನೇಲಿ ನಾನು ಮತ್ತೆ ಆಯಮ್ಮ. ಅವರಿಗೆ ಒಡಿಯಾ, ಹಿಂದಿ, ಇಂಗ್ಲಿಷ್ ಬರುತ್ತೆ. ನನಗೆ ಕನ್ನಡ ಬಿಟ್ಟರೆ ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷು.

ಬಾಯಿಲ್ಲದ ತಾಯಿಯ ಮಗಳು ಅಂತ ಅವರು ಅಸಡ್ಡೆ ಮಾಡಿದರೆ? ನಾಳೆ ಮಗಳಿಗೆ ಅಲ್ಲಿ ಏನಾದರೂ ಆದರೆ ಆಯಮ್ಮನ ಹತ್ತಿರ ನಾನು ಹೇಗೆ ಮಾತಾಡಲಿ? ಈ ಯೋಚನೆಗೆ ನಿದ್ದೆ ಕೆಟ್ಟಿತು. ಮಿಸ್ಸಿನ ಮನೆಗೆ ಹೋಗಿ, ಬೀಗಿತ್ತಿ ಬರೋದರೊಳಗೆ ನನಗೆ ಇಂಗ್ಲಿಷಲ್ಲಿ ಮಾತಾಡಕ್ಕೆ ಕಲಿಸಿ ಅಂದೆ.

ಕೇಳಿಸಿಕೊಳ್ಳುವಾಗ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಳ್ಳುವುದು ಅವರ ಅಭ್ಯಾಸ. ಹಾಗೇ ಕೂತು, “ಅಷ್ಟರಲ್ಲಿ ಮಾತು ಬರಲ್ಲ ಕಣಮ್ಮ. ಕೇಳೋದು ಕಲಿಸ್ತೀನಿ” ಅಂದರು.

ಹೀಗೆ ನಮ್ಮ ಪಾಠ ಶುರುವಾಗಿದ್ದು ‘ಓ’ಯಿಂದ. ಇಂಟರ್‌ಜೆಕ್ಷನ್ ಅಂತ ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಜಾತಿಯ ಪದಗಳಂತೆ. ನಾವು ಅಬ್ಬಾ, ಛೇ, ಆಹಾ ಅನ್ನುತ್ತೇವಲ್ಲ, ಅಂಥವು. ಮಿಸ್ಸು ಹೇಳಿಕೊಟ್ಟಿದ್ದು ಹೀಗೆ: ವಾಕ್ಯದಲ್ಲಿ ಉಳಿದ ಪದಗಳೆಲ್ಲ ಸಂಬಂಧಿಕರು, ಒಬ್ಬರಿಗೊಬ್ಬರು ಅಂಟಿಕೊಂಡವರು. ಇದೊಂದು ಮಾತ್ರ ನೆರೆಮನೆಯವಳು. ಬಾಗಿಲಲ್ಲಿ ನಿಂತು ಒಂದು ಮಾತು ಅಂದು ಹೋಗ್ತಾಳೆ. ಅವಳಿಲ್ಲದಿದ್ದರೂ ಸಂಸಾರ ನಡೆಯುತ್ತೆ, ಆದರೆ ಮನೆ ಬಿಕೋ ಅನ್ನುತ್ತೆ. ಅದಕ್ಕೇ ಬರೆಯುವಾಗ ಇದರ ಪಕ್ಕಕ್ಕೆ ಒಂದು ಗೆರೆಯೋ ಚುಕ್ಕೆಯೋ ಇಟ್ಟು ಬೇರೆ ನಿಲ್ಲಿಸುತ್ತಾರಂತೆ. ನನಗೆ ಶಾಲೆಯಲ್ಲಿ ಹೀಗೆ ಯಾರಾದರೂ ಹೇಳಿದ್ದರೆ ಇಂಗ್ಲಿಷು ಇಷ್ಟು ದೂರ ಉಳಿಯುತ್ತಿರಲಿಲ್ಲ.

ಅವರೆಕಾಯಿ ಕಾಲ. ಮಧ್ಯಾಹ್ನ ಅವರ ವರಾಂಡದಲ್ಲಿ ಚಾಪೆ ಹಾಸಿ ನಾನು ಹಿತಕಿದ ಬೇಳೆ ಮಾಡುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು ಇಂಗ್ಲಿಷಲ್ಲಿ ನಿಧಾನವಾಗಿ ಒಂದು ಸಂಗತಿ ಹೇಳುವುದು, ನಾನು ಸರಿಯಾದ ಜಾಗದಲ್ಲಿ ಸರಿಯಾದ ಸದ್ದು ಹಾಕುವುದು. ನಮ್ಮಜ್ಜಿ ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಕಥೆ ನಿಲ್ಲಿಸುತ್ತಿದ್ದಳು, ಅದೇ ಕೆಲಸ. ಆದರೆ ಹೂಂ ಒಂದೇ ಅಲ್ಲಿ ಸಾಲದು. ಮೊದಲ ದಿನವೇ ಮಿಸ್ಸು ತಾವು ಚಿಕ್ಕವರಿದ್ದಾಗ ಮನೆಯ ಆಡು ಸತ್ತಿದ್ದು ಹೇಳಿದರು. ನಾನು ‘ವಾವ್’ ಅಂದೆ. ಅವರು ತಿಂಗಳುಗಟ್ಟಲೆ ಅದನ್ನು ನೆನೆದು ನಗುತ್ತಿದ್ದರು. ನಮ್ಮ ಆಡಿಗೆ ವಾವ್ ಅಂದೋರು ಅಂತ ತಂಗಿ ಮಗಳಿಗೆ ನನ್ನ ಪರಿಚಯ ಮಾಡಿಸಿದ್ದೂ ಹಾಗೇ.

‘ಓ’ ಒಂದನ್ನೇ ಎಷ್ಟು ದಿನ ಹೇಳಿಸಿದರು. ದನಿ ಮೇಲೆ ಹೋದರೆ ಆಶ್ಚರ್ಯ, ಕೆಳಗೆ ಇಳಿದರೆ ಮರುಕ, ಎಳೆದರೆ ‘ಈಗ ತಿಳೀತು’. ‘ಔಚ್’ ನಿಮ್ಮ ಸ್ವಂತ ನೋವಿಗೆ ಮಾತ್ರ, ಪಕ್ಕದವರು ಬೆರಳು ಕುಯ್ದುಕೊಂಡರೆ ‘ಓ ನೋ’. ‘ಊಪ್ಸ್’ ನೀರು ಚೆಲ್ಲಿದ್ದಕ್ಕೆ ಸರಿ, ಬೇರೆಯವರ ಮನೆ ಪಿಂಗಾಣಿ ಒಡೆದು ಊಪ್ಸ್ ಅಂದರೆ ಒದೆ ಬೀಳುತ್ತೆ. ‘ಅಲಾಸ್’ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ‘ಹುರ್ರೇ’ ಮಕ್ಕಳಿಗೆ ಬಿಡಿ. ತಕ್ಷಣ ಉತ್ತರ ಹೊಳೆಯದಿದ್ದರೆ ‘ವೆಲ್’ ಅಂತ ಒಂದು ಉಸಿರು ತಗೊಳ್ಳಿ, ಯಾರೂ ಬೈಯಲ್ಲ.

ನನ್ನ ಅಯ್ಯೋ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಹಾಲು ಉಕ್ಕಿದರೂ ಅಯ್ಯೋ, ನೆಂಟರು ಬಂದರೂ ಅಯ್ಯೋ, ಚಿನ್ನದ ರೇಟು ಕೇಳಿದರೂ ಅಯ್ಯೋ. “ನಿಮ್ಮ ಅಯ್ಯೋ ಕಾಲಿಂಗ್ ಬೆಲ್ ಇದ್ದ ಹಾಗೆ ಕಣಮ್ಮ. ಯಾರು ಒತ್ತಿದರೂ ಒಂದೇ ಸದ್ದು” ಅಂತಿದ್ದರು.

ಒಂದೇ ಒಂದು ವಿಷಯದಲ್ಲಿ ನಾವಿಬ್ಬರೂ ಜಗಳವಾಡಿದ್ದು. ಟೀವಿಯಲ್ಲಿ ಎಲ್ಲರೂ ಅಂತಾರಲ್ಲ, ‘ಓ ಮೈ ಗಾಡ್’, ಅದು ನನಗೆ ಬಲು ಇಷ್ಟವಾಗಿತ್ತು. ಅದರಲ್ಲಿ ದೇವರಿದ್ದಾನಲ್ಲ. ಮಿಸ್ಸು ಅದನ್ನು ಬಾಯಲ್ಲಿ ಆಡಲೂ ಬಿಡಲಿಲ್ಲ. ದಂಡಕ್ಕೆ ದೇವರ ಹೆಸರು ಎತ್ತಬಾರದು, ಅದು ನಮ್ಮಲ್ಲಿ ಆಜ್ಞೆ ಅಂದರು. ನಮ್ಮಲ್ಲಿ ಹಾಗಲ್ಲ ಮಿಸ್ಸೇ ಅಂದೆ. ಹರಿಕಥೆಯಲ್ಲಿ ಕೇಳಿದ್ದೀನಿ, ಸಾಯೋ ಹೊತ್ತಲ್ಲಿ ಮಗನನ್ನ ಕರೆದವನಿಗೆ, ಮಗನ ಹೆಸರು ದೇವರದ್ದು ಅನ್ನೋ ಕಾರಣಕ್ಕೇ ಮೋಕ್ಷ ಸಿಕ್ಕಿತು. ಎಡವಿ ಬಿದ್ದು ರಾಮ ಅಂದರೂ ಪುಣ್ಯ ಬರುತ್ತೆ. ಅವರು ಒಪ್ಪಲಿಲ್ಲ. ಹಾಗಿದ್ರೆ ನಿಮ್ಮ ದೇವರಿಗೆ ದಿನವೆಲ್ಲ ತಿರುಗಿ ನೋಡೋದೇ ಕೆಲಸ ಅಂದರು. ಮಕ್ಕಳು ಕರೆದರೆ ನೋಡಲೇಬೇಕಲ್ಲ ಅಂತ ನಾನೂ ಬಿಡಲಿಲ್ಲ. ಎರಡು ದಿನ ಪಾಠ ಬಿಗುವಾಗಿ ನಡೆಯಿತು. ಮೂರನೇ ದಿನ ಅವರ ಮನೆಗೆ ಹಿತಕಿದ ಬೇಳೆ ಸಾರು ಕಳಿಸಿದೆ, ಅಲ್ಲಿಗೆ ಮುಗಿಯಿತು. ಯಾರೂ ಯಾರ ಮಾತನ್ನೂ ಒಪ್ಪಲಿಲ್ಲ, ಅದು ಬೇರೆ.

ಕೊನೆಯ ದಿನ ಒಂದು ಮಾತು ಹೇಳಿ ಕಳಿಸಿದರು. “ಅರ್ಥ ಆಗದೆ ಓ ಅನ್ನಬೇಡಿ. ಅದು ಸುಳ್ಳು ಸಾಕ್ಷಿ. ತಿಳೀಲಿಲ್ಲ ಅಂದ್ರೆ ಸುಮ್ಮನಿದ್ದು ಮುಖ ನೋಡಿ.”

ಬೀಗಿತ್ತಿ ಬಂದರು. ಅವರು ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಲ್ಲಿ ಸಂಸಾರ ಮಾಡಿದವರು, ಸುತ್ತ ಎಲ್ಲ ಭಾಷೆಯವರ ಜೊತೆ ಬಾಳಿ ಅವರ ಇಂಗ್ಲಿಷು ಮೆತ್ತಗಾಗಿತ್ತು. ನನಗೂ ಹಿಡಿಯಲು ಸುಲಭವಾಯಿತು. ಮಗ ಹುಟ್ಟಿದ್ದು, ರೈಲಿನಲ್ಲಿ ಚಪ್ಪಲಿ ಕಳೆದಿದ್ದು, ಗಂಡ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಸಿಕೊಂಡಿದ್ದು ಎಲ್ಲ ಹೇಳಿದರು. ನಾನು ಓ, ಆಹ್, ಓ ನೋ ಅಂತ ಹಾಕುತ್ತ ಹೋದೆ. ಒಂದು ಸಲ ಅವರ ಬೆರಳಿಗೆ ಈಳಿಗೆ ತಾಗಿದಾಗ ನಾನೇ ‘ಔಚ್’ ಅಂದುಬಿಟ್ಟೆ. ಅವರು ತಮ್ಮ ಬೆರಳಿನ ರಕ್ತ ನೋಡುವುದು ಬಿಟ್ಟು ನನ್ನ ಬೆರಳು ನೋಡಿದರು. ಸಂಜೆ ಮಗಳು ಬಂದಾಗ, ನಿಮ್ಮಮ್ಮ ಬಹಳ ಚೆನ್ನಾಗಿ ಮಾತಾಡುತ್ತಾರೆ ಅಂದರಂತೆ. ನಾನು ಆಡಿದ್ದು ಒಂದು ವಾಕ್ಯವೂ ಇಲ್ಲ.

ಎರಡು ದಿನ ಹೀಗೆ ಕಳೆಯಿತು. ಮೂರನೇ ಮಧ್ಯಾಹ್ನ ನಾನು ಹೂ ಕಟ್ಟುತ್ತಿದ್ದೆ. ಅವರು ಎದುರಿಗೆ ಕೂತು ಏನೋ ಶುರು ಮಾಡಿದರು. ದನಿ ತಗ್ಗಿತು. ಮಗನ ಹೆಸರು ಬಂತು, ನನ್ನ ಮಗಳ ಹೆಸರು ಬಂತು, ಡಾಕ್ಟರ್ ಅಂತ ಬಂತು, ಮಧ್ಯೆ ಒಂದು ಪದ ಪದೇ ಪದೇ ಬಂತು, ನಾನು ಯಾವತ್ತೂ ಕೇಳದ್ದು. ಹೇಳಿ ಮುಗಿಸಿ ನನ್ನ ಮುಖವನ್ನೇ ನೋಡುತ್ತ ಕೂತರು. ನನ್ನ ನಾಲಿಗೆ ತುದಿಯಲ್ಲಿ ‘ಓ, ಗುಡ್’ ಇತ್ತು. ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಿಸ್ಸು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಮುಖ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು.

‘ಪ್ಲೀಸ್ ಕಮ್’ ಅಂತ ಅವರ ಕೈ ಹಿಡಿದುಕೊಂಡು, ಅರ್ಧ ಕಟ್ಟಿದ ಹೂವನ್ನು ತಟ್ಟೆಯಲ್ಲೇ ಬಿಟ್ಟು, ಮಿಸ್ಸಿನ ಮನೆಗೆ ನಡೆದೆ.

ಬೀಗಿತ್ತಿ ಚಾಪೆಯ ಮೇಲೆ ಕೂತರು, ನಾನು ಪಕ್ಕದಲ್ಲಿ. ಮಿಸ್ಸಿಗೆ ಮಂಡಿ ನೋವು, ನೆಲಕ್ಕೆ ಕೂತರೆ ಏಳುವುದು ಕಷ್ಟ. ಆದರೂ ಕುರ್ಚಿ ಬಿಟ್ಟು ಗೋಡೆ ಹಿಡಿದು ಕೆಳಗೆ ಕೂತರು. ಬೀಗಿತ್ತಿ ಮತ್ತೊಮ್ಮೆ ಎಲ್ಲ ಹೇಳಿದರು. ಮಿಸ್ಸು ನಡುವೆ ಒಂದು ಸದ್ದೂ ಮಾಡಲಿಲ್ಲ. ಕನ್ನಡಕ ಮಡಿಲಲ್ಲೇ ಇತ್ತು.

“ಹುಡುಗನಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆಯಂತೆ” ಅಂದರು ನನ್ನ ಕಡೆ ತಿರುಗಿ. “ಮಾತ್ರೆಯಲ್ಲಿ ಹತೋಟಿಲಿದೆ. ಬಹಳ ವರ್ಷದಿಂದ ಬಂದಿಲ್ಲ. ಮಾತ್ರೆ ಬಿಡೋ ಹಾಗಿಲ್ಲ. ನಿಮ್ಮ ಮಗಳಿಗೆ ಅವನು ಮೊದಲೇ ಹೇಳಿದಾನೆ. ನಿಮಗೆ ಗೊತ್ತಿಲ್ಲ ಅಂತ ಇವರಿಗೆ ನಿನ್ನೆ ತಿಳೀತು. ನಿಮ್ಮನೆ ಅನ್ನ ತಿಂದು ಮುಚ್ಚಿಡಕ್ಕೆ ಇವರಿಗೆ ಆಗ್ತಿಲ್ಲ. ಬೇಡ ಅಂದ್ರೆ ಬೇಜಾರಿಲ್ಲ, ಇವತ್ತೇ ಹೊರಡ್ತೀನಿ ಅಂತಿದಾರೆ.”

ನಮ್ಮ ಕಡೆ ಫಿಟ್ಸ್ ಅನ್ನೋದು ಕಿವಿಗೆ ಬಿದ್ದರೆ ಸಾಕು, ತಾಂಬೂಲದ ತಟ್ಟೆ ವಾಪಸ್ಸು ಹೋಗುತ್ತೆ. ಮಗಳ ಮುಖ ಕಣ್ಣ ಮುಂದೆ ಬಂತು. ಏನಾದರೂ ಹೇಳಿಕೊಡಿ ಮಿಸ್ಸೇ ಅಂದೆ.

“ಇದಕ್ಕೆ ಹೇಳಿಕೊಡೋದು ನನ್ನ ಹತ್ತಿರ ಇಲ್ಲ ಕಣಮ್ಮ.”

ಹೊರಗೆ ಸೊಪ್ಪಿನ ಗಾಡಿಯವನು ಮೈಕಿನಲ್ಲಿ ಕೂಗಿಕೊಂಡು ಹೋದ. ನನ್ನ ಬಾಯಿಂದ ತಾನಾಗೇ ‘ರಾಮಾ’ ಅಂತ ಬಂತು. ಜೋರಾಗಲ್ಲ. ಬೀಗಿತ್ತಿ ತಲೆ ಎತ್ತಿ ನೋಡಿ, ಎರಡೂ ಕೈ ಜೋಡಿಸಿ ‘ಜಯ ಜಗನ್ನಾಥ’ ಅಂದರು. ಅವರಿಗೂ ನನಗೂ ಒಂದೇ ಕಡೆ ಹೋಗಿ ಬಿನ್ನಹ ಮಾಡಿಕೊಂಡ ಹಾಗಾಯಿತು. ಒಪ್ಪಿದೆ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ. ಆಮೇಲೆ ನನಗೆ ಕೇಳಬೇಕಾದ್ದೆಲ್ಲ ನೆನಪಿಗೆ ಬಂತು. ಕೊನೆಗೆ ಯಾವಾಗ ಬಂದಿತ್ತು, ಗಾಡಿ ಓಡಿಸಬಹುದಾ, ಮಕ್ಕಳಿಗೆ ಬರುತ್ತಾ, ಎಲ್ಲ ಕೇಳಿದೆ. ಮಿಸ್ಸು ಆ ಕಡೆ ಈ ಕಡೆ ದಾಟಿಸಿದರು. ಬೀಗಿತ್ತಿ ಗೊತ್ತಿದ್ದದ್ದು ಹೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ಆಮೇಲೆ ಮಿಸ್ಸು ನನ್ನ ಭುಜ ಊರಿಕೊಂಡು ಎದ್ದು ಟೀ ಮಾಡಿದರು.

ಹೊರಡುವಾಗ ಗೇಟಿನ ಹತ್ತಿರ ನನ್ನೊಬ್ಬಳಿಗೆ ಕೇಳುವ ಹಾಗೆ, “ನಿಮ್ಮ ರಾಮ ಇವತ್ತು ದಂಡಕ್ಕೆ ಬರಲಿಲ್ಲ” ಅಂದರು. ಅವರು ಅಷ್ಟು ಸೋತಿದ್ದು ನಾನು ಕಂಡಿದ್ದು ಅದೊಂದೇ ಸಲ. ನಾನು ಬೀಗಲಿಲ್ಲ, ಬೀಗುವ ಹೊತ್ತೂ ಅಲ್ಲ.

ಸಂಜೆ ಮಗಳನ್ನು ಮಹಡಿಗೆ ಕರೆದುಕೊಂಡು ಹೋಗಿ, ನನಗ್ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಒಣಗಿದ ಬಟ್ಟೆ ಮಡಚುತ್ತ ನಿಂತಿದ್ದವಳು ತಲೆ ಎತ್ತಲಿಲ್ಲ.

“ನೀನು ಅಯ್ಯೋ ಅಂತೀಯ ಅಂತ.”

ಅವಳ ಕೈಲಿದ್ದ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಮಡಚಿದೆವು.

ನಮ್ಮನೆಯವರು ಹುಡುಗನ ಜೊತೆ ಅವನ ಡಾಕ್ಟರ ಹತ್ತಿರ ಹೋಗಿ ಕೂತು, ಎಲ್ಲ ಕೇಳಿಕೊಂಡು ಬಂದರು. ಷರಟು ಬಿಚ್ಚುತ್ತ, ನಾನು ಬಿಪಿ ಮಾತ್ರೆ ನುಂಗಲ್ವಾ, ಅವನೂ ನುಂಗ್ತಾನೆ ಬಿಡು ಅಂದರು. ಮದುವೆ ಆಯಿತು. ಮಿಸ್ಸು ಮೊದಲ ಸಾಲಲ್ಲಿ ಕೂತು ಊಟದ ಮನೆಯಲ್ಲಿ ಹೋಳಿಗೆ ಎರಡು ಸಲ ಹಾಕಿಸಿಕೊಂಡರು. ಈಗ ಮಗಳು ಅಳಿಯ ಶ್ರೀಗಂಧದ ಕಾವಲ್‌ನಲ್ಲಿ ಮನೆ ಮಾಡಿದ್ದಾರೆ. ಇಷ್ಟು ದಿನದಲ್ಲಿ ಅವನಿಗೆ ಒಮ್ಮೆ ಫಿಟ್ಸ್ ಬಂದಿತ್ತು, ದೀಪಾವಳಿಯ ಓಡಾಟದಲ್ಲಿ ನಿದ್ದೆಗೆಟ್ಟು. ಮಗಳು ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ದುಪಟ್ಟಾ ಮಡಚಿ ಇಟ್ಟು, ಅದು ನಿಂತು ಅವನಿಗೆ ಎಚ್ಚರವಾದ ಮೇಲೆ ನನಗೆ ಫೋನು ಮಾಡಿದಳು. ಮೊದಲ ಫೋನು ನನಗೇ ಮಾಡಿದ್ದು. ಈಗ ಹೇಗಿದಾನೆ, ನೀನು ಏನಾದ್ರೂ ತಿಂದ್ಯಾ ಅಂತ ಕೇಳಿದೆ. ಇದ್ದದ್ದನ್ನು ಮುಚ್ಚಿಟ್ಟು ಬೆಳೆಸಿದ ಸಂಬಂಧಗಳನ್ನು ಎಷ್ಟು ಕಂಡಿಲ್ಲ ನಾನು. ನಮ್ಮದು ಹೇಳಿ ಬಂದ ಸಂಬಂಧ. ಅದು ಸಣ್ಣ ಭಾಗ್ಯವಲ್ಲ.

ಆಮೇಲಾಮೇಲೆ ಮಿಸ್ಸು ಮನೆಯ ಮೆಟ್ಟಿಲು ಹತ್ತಲಾಗದೆ ಕೆಂಗೇರಿಯ ತಂಗಿ ಮಗಳ ಮನೆಗೆ ಹೋದರು. ಹೋಗುವ ದಿನ ಅವರ ಕುರ್ಚಿ ಆಟೋ ಗಾಡಿಗೆ ಹತ್ತುತ್ತಿದ್ದಾಗ ನಾನು ಅಳುತ್ತಿದ್ದೆ. ಅವರು ಛತ್ರಿಯಲ್ಲಿ ನನ್ನ ಕಾಲು ತಟ್ಟಿ, ಕೆಂಗೇರಿ ಏನು ಕಾಶಿನಾ, ಮೆಟ್ರೋ ಹತ್ತಿ ಬನ್ನಿ ಅಂದರು. ಹೋಗುತ್ತಿದ್ದೆ. ಹೋದಾಗೆಲ್ಲ ಇಬ್ಬರೂ ಏನಾದರೂ ಸುಲಿಯುತ್ತ ಕೂರುತ್ತಿದ್ದೆವು, ಬಟಾಣಿಯೋ ಬೆಳ್ಳುಳ್ಳಿಯೋ. ಕೊನೆಕೊನೆಗೆ ಹೇಳಿದ್ದನ್ನೇ ಹೇಳೋರು. ಗೊತ್ತಿದ್ದರೂ ಆಡಿನ ಕಥೆಗೆ ನಾನು ಹೊಸದಾಗಿ ಕೇಳಿದ ಹಾಗೆ ಕೂರುತ್ತಿದ್ದೆ.

ಮಧ್ಯಾಹ್ನ ಬೀಗಿತ್ತಿಗೆ ಫೋನು ಮಾಡಿದೆ. ಈಗ ನಾವಿಬ್ಬರೂ ವಾರಕ್ಕೊಮ್ಮೆ ಮಾತಾಡುತ್ತೇವೆ. ನನ್ನ ಇಂಗ್ಲಿಷಿಗೆ ಕೈಕಾಲು ಬಂದಿದೆ, ಅವರಿಗೆ ಸಾರು, ಪಲ್ಯ, ಸೊಸೆ ಅನ್ನುವಷ್ಟು ಕನ್ನಡ. ಮಿಸ್ಸು ಹೋದರು ಅಂದೆ. ಆ ಕಡೆಯಿಂದ ಸದ್ದಿಲ್ಲ. ಕಟ್ಟಾಯಿತೇನೋ ಅಂತ ಫೋನು ನೋಡಿದೆ, ಆಗಿರಲಿಲ್ಲ. ನಾನೂ ಕಾದೆ. ಆಮೇಲೆ ನಿಧಾನವಾಗಿ ಹೇಳಿದರು, ಆ ದಿನ ಅವರು ಏನು ಹೇಳಿದರೋ ಈಗ ನೆನಪಿಲ್ಲ, ಆದರೆ ಅಷ್ಟು ಮಂಡಿ ನೋವಿದ್ದರೂ ನೆಲಕ್ಕೆ ಬಂದು ನಮ್ಮ ಜೊತೆ ಕೂತರಲ್ಲ, ಅಂತ. ಹೌದು ಅಂದೆ. ನಾಳೆ ನನ್ನ ಪರವಾಗಿ ಒಂದು ಹಿಡಿ ಮಣ್ಣು ಹಾಕಿ ಅಂದರು. ಹಾಕ್ತೀನಿ ಅಂದೆ.

ಬೆಳಗ್ಗೆ ಎಲ್ಲರೂ ಒಟ್ಟಿಗೆ ಕೆಂಗೇರಿಗೆ ಹೊರಡಲು ಅನುಕೂಲ ಅಂತ ಮಗಳು ಅಳಿಯ ಕೆಲಸ ಮುಗಿಸಿ ಇಲ್ಲಿಗೇ ಬರುತ್ತಿದ್ದಾರೆ. ಅಳಿಯನ ಮಾತ್ರೆ ಊಟವಾದ ಮೇಲೆ, ಹೊತ್ತು ಮೀರುವಂತಿಲ್ಲ. ಎದ್ದು ಕೈ ತೊಳೆದು, ಗೋಧಿ ಹಿಟ್ಟಿನ ಡಬ್ಬ ಇಳಿಸಿ, ಚಪಾತಿಗೆ ಹಿಟ್ಟು ಕಲಸಲು ಕೂತೆ.